ಅಜ್ಜ ಬಿಚ್ಚಿದ ದಾರ

ಜೂನ್ ೧೯, ಬುಧವಾರ

ಮತ್ತೆ ಅಂಗಳದ ತುಂಬ ಕಾಡು ಹೆಬ್ಬಾತುಗಳ ಹಿಕ್ಕೆ. ಅವು ಹತ್ತಿ ಬರದಂತೆ ಸರೋವರದಂಚಿಗೆ ದಾರ ಕಟ್ಟಿ, ಹುಲ್ಲನ್ನು ಮಂಡಿಯೆತ್ತರ ಬೆಳೆಸಿದ್ದೆ. ಕೊಲ್ಲದೆಯೂ ಅಂಗಳ ಕಾಯಬಹುದೆಂದು ನಾಳೆ ಬೀದಿಯವರ ಸಭೆಗೆ ತೋರಿಸಬೇಕಿತ್ತು. ಇಲ್ಲದಿದ್ದರೆ, ಗರಿ ಉದುರಿ ಹಾರಲಾಗದ ಈ ವಾರವೇ ಎಲ್ಲವನ್ನೂ ಹಿಡಿದು ಕಸಾಯಿಖಾನೆಗೆ ಕಳಿಸುತ್ತಾರೆ.

ದಾರ ಬಿಚ್ಚಿ ದಾರಿ ಮಾಡಿಕೊಟ್ಟವನು ಆರ್ವಿಡ್ ಅಜ್ಜ! ಹೆಬ್ಬಾತುಗಳನ್ನು ಕೊಲ್ಲಬೇಡಿ ಎಂಬ ನನ್ನ ಮನವಿಗೆ ಮೊದಲ ಸಹಿ ಹಾಕಿದವನು. ಜೇಬಿನ ತುಂಬ ಜೋಳ.

“ಹಸಿದಿದ್ವು ಕಣೇ ಲಿವ್. ನಿನ್ನ ಕರಪತ್ರ ತಿನ್ನಿಸ್ಲಾ?” ಅಂದ. ಮೇಲೆ ನಗು ಬೇರೆ.

ಹಿಡಿಯುವವರು ಬಂದಾಗ ಅವು ಓಡುವುದಿಲ್ಲ. ಜೋಳದ ಆಸೆಗೆ ಅದೇ ದಾರಿಯಲ್ಲಿ ಮರಿಗಳ ಸಮೇತ ನಡೆದು ಬರುತ್ತವೆ. ಇದನ್ನು ಮುಖಕ್ಕೆ ಹೊಡೆದಂತೆ ಹೇಳಲು ಹೋದೆ. ಅಜ್ಜ ಕಿಟಕಿಯಲ್ಲಿ ನಿಂತು ಮರಿಗಳನ್ನು ಎಣಿಸುತ್ತಿದ್ದ.

“ಏಳೂ ಇವೆ ಕಣೇ,” ಅಂದ.

ನಾನು ಸರೋವರದಂಚಿಗೆ ಹೋಗಿ ದಾರವನ್ನು ಮತ್ತೆ ಕಟ್ಟಿದೆ.