ಎರಡನೆಯ ಪಟ್ಟಿ

ರೀ,

ನೀವು ತೀರಿಹೋಗಿ ಇವತ್ತಿಗೆ ನಲವತ್ತೊಂಬತ್ತನೆಯ ದಿನ, ನಿಮ್ಮ ಕರ್ಮದ ದಿನ. ನಿಮಗೆ ಕಾರು ಗುದ್ದಿದ ನಿಶಿವಾಕಿ ಸಿಹಿಯ ಡಬ್ಬಿ ಹಿಡಿದು ಬಂದು, ಚಾಪೆಗೆ ಹಣೆ ಒತ್ತಿ ಅತ್ತ.

"ಕತ್ತಲಲ್ಲಿ ನಾಯಿ ಕೊರಳಿನ ಪಟ್ಟಿ ಪಳಪಳ ಅಂತಮ್ಮಾ. ಅದನ್ನ ಉಳಿಸೋಣ ಅಂತ ಪಕ್ಕಕ್ಕೆ ತಿರುಗಿಸಿದೆ. ಯಜಮಾನ್ರು ಕಾಣ್ಲೇ ಇಲ್ಲ."

"ನಾಯಿ ಚೆನ್ನಾಗಿದೆ. ಚಹಾ ಕುಡೀರಿ" ಎಂದೆ.

ಬೀದಿಯ ಸಂಘದವರು ಗಾಡಿಯ ದೀಪ ಬಿದ್ದರೆ ಹೊಳೆಯುವ ಪಟ್ಟಿ ಎರಡು ಕೊಟ್ಟಿದ್ದರು, ನಮ್ಮ ನಾಯಿ ಗೋಮಾಗೊಂದು, ನಿಮಗೊಂದು. ಆ ಸಂಜೆ ನಾಯಿ ಹಿಡಿದು ಬಾಗಿಲಲ್ಲಿ ನಿಂತು "ನಂದೆಲ್ಲೇ?" ಎಂದು ಕೇಳಿದಿರಿ.

"ಈ ವಯಸ್ಸಲ್ಲಿ ನಿಮ್ಮನ್ನ ಯಾರ್ರೀ ನೋಡ್ಬೇಕು? ಹೋಗಿ" ಎಂದೆ. ನಗುತ್ತಲೇ ಹೋದಿರಿ.

ನಿಮ್ಮ ಪಟ್ಟಿಯಲ್ಲಿ ಅದಾಗಲೇ ಮೂಲಂಗಿ ಕಟ್ಟಿ ಸೂರಿಗೆ ಒಣಹಾಕಿದ್ದೆ, ಇನ್ನೂ ತೆಗೆದಿಲ್ಲ. ಇವತ್ತು ನಿಶಿವಾಕಿ ವಾಪಸ್ ಹತ್ತಿ ಹೋದ ಬಾಡಿಗೆ ಟ್ಯಾಕ್ಸಿ ತಿರುಗುವಾಗ ಅದರ ಮೇಲೆ ದೀಪ ಬಿತ್ತು. ಬೀದಿಯ ತುದಿಯವರೆಗೂ ಕಾಣುವಂತೆ ಹೊಳೆಯಿತು.