ನೆಲಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು

ಕಪ್ಪತಗುಡ್ಡದ ಬುಡದಿಂದ,
ಫೆಬ್ರವರಿ ಮೂವತ್ತು, ೨೨೦೩

ಇನ್ನೂರು ವರ್ಷ ಹಿಂದಿರುವ ಹಿರಿಯರಿಗೆ ನೀಲಗಂಗಾ ಮಾಡುವ ನಮಸ್ಕಾರ. ತಾರೀಖು ನೋಡಿ ಗಾಬರಿಯಾಗಬೇಡಿ. ಪಾಪದ ಫೆಬ್ರವರಿಗೆ ಪಂಕ್ತಿಯಲ್ಲಿ ಎಷ್ಟೋ ಶತಮಾನ ಕಡಿಮೆ ಬಡಿಸಿದ್ದರು. ನಮ್ಮ ಕಾಲದಲ್ಲಿ ಅದಕ್ಕೂ ಮೂವತ್ತು ದಿನ ಸಿಕ್ಕಿವೆ. ಕೆಲವು ಮಾತು ವಿಚಿತ್ರ ಕಂಡರೆ ಕ್ಷಮಿಸಿ. ಪ್ರಾಸಕ್ಕೆ ಮಾತ್ರ ಕ್ಷಮೆ ಕೇಳುವುದಿಲ್ಲ. ಅದು ನನ್ನ ಚಟ, ಬಿಡಿಸಲು ಬಂದವರೇ ಬಿಟ್ಟರು ಹಟ.

ನನ್ನ ಕಸುಬು ಬೆಳಕಚ್ಚು ತೆಗೆಯುವುದು. ನೀವು ಫೋಟೋ ಎನ್ನುವುದೇ ಅದು, ಆದರೆ ನಮ್ಮದು ವಸ್ತುವಿನ ಅಳತೆಗೇ ಮೂಡುತ್ತದೆ. ಆನೆಯ ಚಿತ್ರ ಬೇಕೆಂದರೆ ಆನೆಯಷ್ಟು ಗೋಡೆ ಬೇಕು. ಹೀಗಾಗಿ ಜನ ಹೆಚ್ಚಾಗಿ ಕೂಸುಗಳದ್ದೇ ತೆಗೆಸುತ್ತಾರೆ.

ನಿಮಗಿನ್ನೂ ಬಾರದ, ನಮಗೆ ಆಗಿಹೋದ ಒಂದು ಯುದ್ಧದಲ್ಲಿ ಈ ಗುಡ್ಡದ ಹೊಟ್ಟೆ ಕೊರೆದು ನೆಲಮನೆ ಮಾಡಿದ್ದರು. ಬಾಂಬು ಬೀಳುವಾಗ ಊರವರು ಅಡಗುವ ಜಾಗ. ಒಳಗೆ ಒಲೆ ಇತ್ತು, ದೇವರ ಗೂಡಿತ್ತು. ರೊಟ್ಟಿ ಬಡಿಯುವ ಕಡೆಗೆ ಚಪ್ಪಲಿ ಮೆಟ್ಟಿ ಹೋಗುವುದುಂಟೇ? ನಮ್ಮ ಜನ ಅಂಗಳದಲ್ಲಿ ಸಾಲಾಗಿ ಚಪ್ಪಲಿ ಬಿಟ್ಟು ಒಳಗೆ ಹೋದರು. ಮೇಲ್ಗಣ್ಣಿಗೆ, ಅಂದರೆ ಆಕಾಶದಲ್ಲಿ ಸುತ್ತುವ ಶತ್ರುವಿನ ಯಂತ್ರಕ್ಕೆ, ಇದಕ್ಕಿಂತ ಒಳ್ಳೆಯ ವಿಳಾಸ ಬೇಕಿರಲಿಲ್ಲ. ಬಾಂಬು ಬಿದ್ದು ಬಾಗಿಲು ಕುಸಿಯಿತು, ಚಪ್ಪಲಿ ಉಳಿಯಿತು.

ಅಗೆಯುವ ಕೈಗಳೂ ಯುದ್ಧಕ್ಕೆ ಹೋಗಿದ್ದವು. ಚಪ್ಪಲಿ ಇಲ್ಲೇ ಇವೆಯೆಂದ ಮೇಲೆ ಜನ ಒಳಗೇ ಸತ್ತಿದ್ದಾರೆಂದು ಉಳಿದ ಊರು ತೀರ್ಮಾನಿಸಿತು. ಚಪ್ಪಲಿಗಳಿಗೆ ಚಪ್ಪರ ಹಾಕಿ ವರ್ಷಕ್ಕೊಮ್ಮೆ ಹೂವಿಟ್ಟಿತು. ಒಳಗೆ ತರಬಾರದೆಂದು ಹೊರಗೆ ಬಿಟ್ಟದ್ದಕ್ಕೇ ಪೂಜೆ. ನನ್ನ ದೊಡ್ಡಪ್ಪನ ಹೆಂಡತಿ, ದೊಡ್ಡವ್ವ ಫಕ್ಕೀರವ್ವನ ತಾಯಿಯೂ ಅಂದು ಒಳಗೆ ಹೋದವಳು. ದೊಡ್ಡವ್ವ ಆಗ ಅಜ್ಜಿಯ ಊರಿನಲ್ಲಿ ತೊಟ್ಟಿಲ ಕೂಸು.

ಈ ವರ್ಷ ಚಪ್ಪಲಿಗಳನ್ನೂ ಒಳಗಿಟ್ಟು, ಅಲ್ಲಿ ಗೋಡೆ ಕಟ್ಟಿ ಶಾಶ್ವತವಾಗಿ ಮುಚ್ಚುವ ಮೊದಲು, ಮಣ್ಣು ಸರಿಸಿ, ಚಿತ್ರ ತೆಗೆಯಲು ನನ್ನನ್ನು ಇಳಿಸಿದರು. ಹೊರಡುವಾಗ ದೊಡ್ಡವ್ವ ಹೇಳಿದ್ದಿಷ್ಟೇ: “ತಂಗಿ, ನಮ್ಮವ್ವನ ಎಲುಬು ಯಾವುವು ಅಂತ ಗುರ್ತ ಸಿಗೂದಿಲ್ಲ ಬಿಡು. ಎಲ್ಲಾರದೂ ಅಚ್ಚು ತಕ್ಕೊಂಡ ಬಾ. ನಾ ಸುಮ್ನ ನೋಡ್ತೀನಿ.”

ಒಳಗೆ ಎಲುಬೇ ಇರಲಿಲ್ಲ. ಒಲೆಯ ಮೇಲೆ ಹಂಚಿತ್ತು, ಗೂಡಿನಲ್ಲಿ ಒಣಗಿದ ಹಣತೆಯಿತ್ತು. ಜೋಳದ ಚೀಲಗಳನ್ನು ಕತ್ತರಿಸಿ ಹಾಕಿದ್ದರು. ನೆಲದ ತುಂಬ ಇದ್ದಿಲಿನಲ್ಲಿ ಗೆರೆ ಎಳೆದ ಪಾದಗಳು, ಚಪ್ಪಲಿ ಹೊಲಿಯುವವರು ಅಳತೆ ತೆಗೆದುಕೊಂಡ ಹಾಗೆ, ದೊಡ್ಡವು, ಚಿಕ್ಕವು. ಚೀಲದಲ್ಲಿ ಬಿದ್ದ ತೂತುಗಳ ಆಕಾರವೂ ಅದೇ. ಇದು ಮುಳ್ಳಿನ ಗುಡ್ಡ. ಹಿಂದಿನ ಗಾಳಿಕಿಂಡಿಯನ್ನು ಅಗಲ ಮಾಡಿ, ಗೋಣಿತಟ್ಟನ್ನು ಕಾಲಿಗೆ ಬಿಗಿದುಕೊಂಡು, ಎಲ್ಲರೂ ಆಚೆ ಮಗ್ಗುಲಿಗೆ ಇಳಿದುಹೋಗಿದ್ದರು.

ಆ ನೆಲದ ಬೆಳಕಚ್ಚನ್ನು ಪಡಸಾಲೆಯಲ್ಲಿ ಹಾಸಿ, ಕಂಡದ್ದನ್ನು ಹೇಳಿದೆ. ದೊಡ್ಡವ್ವ ಒಂದೊಂದು ಪಾದದ ಮೇಲೂ ತನ್ನ ಪಾದ ಇಟ್ಟು ನೋಡಿದಳು. ಮೂರೋ ನಾಲ್ಕೋ ಸರಿಹೊಂದಿದವು.

“ಹಂಗಾರ ನಡಕೊಂತ ಹೋಗ್ಯಾಳ ಆಕಿ,” ಎಂದಳು. ಅಚ್ಚಿನ ಮೇಲಿಂದ ಕಾಲು ತೆಗೆದು, “ಮತ್ತ ನನ್ನ ಕಡೆ ಯಾಕ ಬರಲಿಲ್ಲ?”

ಅದರ ಬೆಳಕಚ್ಚು ನನ್ನ ಬಳಿ ಇರಲಿಲ್ಲ.

ಮರುದಿನ ಆಕೆಯೇ ಕರೆದು ಚಪ್ಪಲಿಗಳ ಮಾತು ತೆಗೆದಳು: “ಆ ಕಾಲ್ಮರಿ ಒಳಗ ಹಾಕಿ ಗ್ವಾಡಿ ಕಟ್ಟಬ್ಯಾಡ್ರಿ ಅಂತ ಹೇಳು. ಮಗಳ್ನ ನೋಡಾಕ ಬರಲಿಲ್ಲ, ಕಾಲ್ಮರಿ ಒಯ್ಯಾಕರ ಬಂದಾಳು.”

ಆ ತಾಯಿ ಇದ್ದರೆ ಈಗ ನೂರು ದಾಟಿರಬೇಕು. ಆದರೂ ಊರವರೆಲ್ಲ ಸೇರಿ ಚಪ್ಪಲಿಗಳನ್ನು ಗುಡ್ಡದ ಆಚೆ, ಕಿಂಡಿಯ ಬಾಯಿಗೆ ಒಯ್ದು ಇಟ್ಟೆವು, ಮೆಟ್ಟಿಕೊಂಡು ಹೊರಡಲು ಅನುವಾಗುವಂತೆ ಹೊರಮುಖವಾಗಿ.

ನಿಮ್ಮಲ್ಲಿ ಯಾರಾದರೂ ಇಂಥ ಮನೆ ಕಟ್ಟುವವರಿದ್ದರೆ ಎರಡನೆಯ ಬಾಗಿಲಿಡಿ. ಕಟ್ಟುವ ಕಾಲವೇ ಬಾರದಂತೆ ನೋಡಿಕೊಂಡರೆ ಇನ್ನೂ ಮೇಲು. ಮೊದಲನೆಯ ಬಾಗಿಲ ಮೇಲೆ ‘ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಬನ್ನಿ’ ಎಂದು ಬರೆಸಿ. ದೇವರು ಮುನಿದರೆ ನನ್ನ ಹೆಸರು ಹೇಳಿ. ಮತ್ತೆ, ಎಲ್ಲಿಗೇ ಹೋಗುವುದಾದರೂ ಕೂಸಿನ ಕಿವಿಯಲ್ಲಿ ಹೇಳಿ ಹೋಗಿ. ಅದಕ್ಕೆ ತಿಳಿಯುವುದಿಲ್ಲ ಎಂದುಕೊಳ್ಳಬೇಡಿ. ಮುದುಕಿಯಾದ ಮೇಲೂ ಕೇಳುತ್ತದೆ.