ಹುಲುಗಣ್ಣ ಚೇಂಬರಿಗೆ ಇಳಿದದ್ದು

ಹರಪನಹಳ್ಳಿ,
ಬುಧವಾರ, ೧೯ ಫೆಬ್ರವರಿ ೨೦೨೫

ಪ್ರೀತಿಯ ರೋಜಾ,

ಕಾಲಿನ ಬಾವು ಇಳದೈತೇನು? ಎಂಟು ತಿಂಗಳು ತುಂಬಿತು, ಕೊಡ ಎತ್ತಬ್ಯಾಡ, ನಿಮ್ಮವ್ವ ಹೇಳಿದಂಗ ಕೇಳು. ಕೂಸು ಒದಿತೈತಿ ಅಂದಿದ್ದಿಯಲ್ಲ, ಅದನ್ನ ನೆನಸಿಕೊಂಡೇ ಎರಡು ದಿನ ತಳ್ಳೀನಿ. ಫೋನ್ ಬಿಟ್ಟು ಪತ್ರ ಯಾಕ ಅಂತ ಗಾಬರಿ ಆಗಬ್ಯಾಡ. ಫೋನ್ ಮಾಡಿದ್ರ ನಿಮ್ಮವ್ವ ಸ್ಪೀಕರ್ ಹಾಕತಾಳ, ಹಂಪಸಾಗರದ ಅರ್ಧ ಓಣಿ ಕೇಳತೈತಿ.

ನಮ್ಮ ಕೆಲಸ ನಿಂಗ ಗೊತ್ತಲ್ಲ. ಬಜಾರದ ರಸ್ತಿ ಅಗಿಯಂಗಿಲ್ಲ. ಒಡದಿರೋ ಒಳಚರಂಡಿ ಪೈಪಿನೊಳಗ ಅಂಟಿನ್ಯಾಗ ನೆನಸಿದ ಉದ್ದನ ಬಟ್ಟಿ ಕೊಳವಿ ತೂರಿಸಿ, ಗಾಳಿ ತುಂಬಿ ಉಬ್ಬಿಸಿ, ಬಿಸಿ ಹಬಿ ಬಿಡತೀವಿ. ಅದು ಗಟ್ಟಿಯಾಗಿ ಹಳೇ ಪೈಪಿನೊಳಗ ಹೊಸಾ ಪೈಪು ಆಗತೈತಿ. ಯಾರೂ ಚೇಂಬರಿನ ಗುಂಡಿಗೆ ಇಳಿಯಂಗಿಲ್ಲ, ಎಲ್ಲಾ ಮಿಷನ್ನೇ ಮಾಡತೈತಿ ಅಂತ ಹೇಳೇ ನಿಮ್ಮಪ್ಪನ್ನ ಒಪ್ಪಿಸಿದ್ದೆ.

ಸೋಮವಾರ ಮಧ್ಯಾಹ್ನ ಪೈಪಿನ ಒಳಗ ನೋಡಾಕ ಬಿಟ್ಟಿದ್ದ ಕ್ಯಾಮೆರಾ ಗಾಡಿ ಚೇಂಬರಿನ ತಳದಾಗ ಹಳೇ ಸೀರಿಗೆ ಸಿಕ್ಕೊಂತು. ಎಷ್ಟು ಎಳೆದ್ರೂ ಬರಲಿಲ್ಲ. ಒಳಗ ವಿಷದ ಗ್ಯಾಸ್ ಐತೇನಂತ ನೋಡೋ ಮಿಷನ್ನು ಕೆಟ್ಟು ವಾರ ಆಗಿತ್ತು. ಸೂಪರ್‌ವೈಜರ್ ನನ್ನ ಕಡೆ ನೋಡಿ, “ಬೀರಲಿಂಗೇಶ, ಎರಡು ನಿಮಿಷದ ಕೆಲಸ, ಇಳಿ” ಅಂದ. ಮನುಷ್ಯಾರನ್ನ ಇಳಸಬಾರದು ಅಂತ ಕಾನೂನು ಐತಿ ಅನ್ನೋದು ಅವಗೂ ಗೊತ್ತು, ನಂಗೂ ಗೊತ್ತು. ನಾ ಗುಂಡಿಯೊಳಗ ಬಗ್ಗಿ ನೋಡಿ ಒಂದು ಹೆಜ್ಜಿ ಹಿಂದ ಸರದೆ. ಆಗ ಹುಲುಗಣ್ಣ ಅಂಗಿ ಬಿಚ್ಚಿಟ್ಟ. ಹಿಂದಿನ ಮನಿ ಪಾಲಮ್ಮಕ್ಕನ ಗಂಡ, ನಿಂಗ ಹುಣಸಿಕಾಯಿ ತಂದುಕೊಡತಿದ್ನಲ್ಲ, ಅವನೇ. “ಅವನ ಹೆಂಡ್ತಿ ಬಸರಿ ಅದಾಳ್ರಿ, ನಾ ಇಳಿತೀನಿ” ಅಂದ.

ಬ್ಯಾಡಣ್ಣ ಅನ್ನಬೇಕಿತ್ತು. ಅನ್ನಲಿಲ್ಲ ರೋಜಾ. ಅವನ ಸೊಂಟಕ್ಕ ಹಗ್ಗ ಕಟ್ಟಿ ನಾನೇ ಹಿಡ್ದೆ. ನಾಕನೇ ಮೆಟ್ಟಲದಾಗ “ವಾಸನಿ ಐತಲೇ” ಅಂದ. ಆಮ್ಯಾಲ ಮಾತಿಲ್ಲ. ಹಗ್ಗ ಒಮ್ಮಿಗೇ ಭಾರ ಆತು. ನಾಕು ಮಂದಿ ಸೇರಿ ಎಳದ್ವಿ. ಮ್ಯಾಲ ಬಂದಾಗ ತುಟಿ ನೀಲಿ, ಕಣ್ಣು ತೆರದಿದ್ವು, ನೋಡತಿರಲಿಲ್ಲ. ದಾವಣಗೆರಿ ಆಸ್ಪತ್ರಿಯಾಗ ಇವತ್ತು ಮುಂಜಾನಿ ಪಾಲಮ್ಮಕ್ಕನ ಕೈ ಒತ್ತಿದನಂತ. ಮಾತು ಇನ್ನಾ ಬಂದಿಲ್ಲ. ನನ್ನ ಅಂಗೈ ಹಗ್ಗಕ್ಕ ಸುಲಿದಾವು, ಪೆನ್ನು ಹಿಡದ್ರ ಉರಿತೈತಿ. ಉರೀಲಿ. ರಸ್ತಿಯಾಗ ಚೇಂಬರಿನ ಮುಚ್ಚಳ ಕಂಡ್ರ ಸುತ್ತು ಹಾಕಿ ನಡಿತೀನಿ.

ಮಾವಗ, ಅತ್ತಿಗ ನಮಸ್ಕಾರ ಹೇಳು. ಬೀರಪ್ಪ ನಿಮ್ಮಿಬ್ಬರ ಬೆನ್ನಿಗಿರಲಿ.

ನಿನ್ನ,
ಬೀರಲಿಂಗೇಶ

ತಾ.ಕ.: ಪತ್ರ ಮಡಚೋವಾಗ ಸೂಪರ್‌ವೈಜರ್ ಬಂದ, ಜೊತಿಗೆ ಗುರುತಿಲ್ಲದ ಇಬ್ರು. ಹುಲುಗಣ್ಣ ಕುಡದು ತಾನೇ ಬಿದ್ದ ಅಂತ ಬರದ ಹಾಳಿಗೆ ಸೈ ಕೇಳಿದ್ರು. ಹಗ್ಗ ಎಳದ ಉಳದ ಮೂವರೂ ಸೈ ಮಾಡ್ಯಾರ. ನಾ ಮಾಡಲಿಲ್ಲ. “ನಿನ್ನ ಹೆಂಡ್ತಿ ಹಂಪಸಾಗರದಾಗ ಅದಾಳಲ್ಲ?” ಅಂತ ಕೇಳಿ ಹೋದ್ರು. ಪೋಸ್ಟಿಗೆ ಹಾಕಂಗಿಲ್ಲ, ಇದನ್ನ ಈಗಿನ ಬಸ್ಸಿನ ಕಂಡಕ್ಟರ್ ಕೈಯಾಗ ಕಳಸಿ ಪೊಲೀಸ್ ಠಾಣಿಗೆ ಹೊಂಟೀನಿ, ಕಂಡದ್ದು ಕಂಡಂಗ ಬರಸಾಕ. ಓದಿದ ಕೂಡ್ಲೇ ಮಾವನ ಕೈಗೆ ಕೊಡು, ಹರೀಬ್ಯಾಡ. ನಾಳೆ ಮಧ್ಯಾಹ್ನದೊಳಗ ನನ್ನ ಫೋನ್ ಬರಲಿಲ್ಲ ಅಂದ್ರ, ಮಾವ ಇದನ್ನ ತಗೊಂಡು ಹರಪನಹಳ್ಳಿ ಠಾಣಿಗೆ ಬರಲಿ.